3240 3262 3251 3270: ಟೀಸರ್‌ನಲ್ಲಿ ಬಂದ ಸಂಖ್ಯೆಗಳನ್ನು ಬಿಡಿಸುವುದು ಹೇಗೆ?

ಪ್ರಶ್ನೆ: ನಾವು ಧಾರವಾಡದ ಸಪ್ತಾಪುರದಲ್ಲಿ ಒಂದೇ ರೂಮಿನಲ್ಲಿರುವ ಐದು ಜನ. ಹಗಲು ಕೋಚಿಂಗ್, ರಾತ್ರಿ ಗೇಮ್. ಕನ್ನಡದವರದೇ ಒಂದು ಸಣ್ಣ ತಂಡ ಹಾರರ್ ಗೇಮ್ ಮಾಡುತ್ತಿದೆ, ಹೋದ ತಿಂಗಳು ಟೀಸರ್ ಬಿಟ್ಟರು. 20 ಸೆಕೆಂಡಿನದು. ಹಳೇ ವಾಡೆಯ ಬಾಗಿಲೊಂದನ್ನು ತೋರಿಸುತ್ತಾರೆ, ಕೊನೆಗೆ ಆರು ಸೆಕೆಂಡ್ ಚರಚರ ಅನ್ನುವ ಸದ್ದು, ಆಮೇಲೆ ಅರ್ಧ ಸೆಕೆಂಡ್ ಮಾತ್ರ ಈ ಸಂಖ್ಯೆಗಳು ಬಂದು ಹೋಗುತ್ತವೆ: 3240 3262 3251 3270 32 3244 3262. ಎಲ್ಲ ಕೂಡಿದರೆ 19561 ಆಗುತ್ತದೆ. 1956, ಆಮೇಲೆ 1. ಅಂದರೆ ಕರ್ನಾಟಕ ಏಕೀಕರಣ, ನವೆಂಬರ್ 1, ಅವತ್ತೇ ಗೇಮ್ ಬಿಡುಗಡೆ ಅಂತ ನಾವು ಮೂವರು ಹೇಳುತ್ತೇವೆ. ಇನ್ನಿಬ್ಬರು ಇದು ಮ್ಯಾಪಿನ ಅಕ್ಷಾಂಶ ರೇಖಾಂಶ ಅಂತಾರೆ. ಯಾರು ಸರಿ? ಸರಿ ಅಂತ ಗೊತ್ತಾಗುವುದಾದರೂ ಹೇಗೆ? ಆ ಬಾಗಿಲು ನಮ್ಮೂರಿನ ಒಂದು ಮನೆಯದೇ ಅಂತ ಒಬ್ಬನ ವಾದ, ರಾತ್ರಿ ಹೋಗಿ ನೋಡಿ ಬರಬೇಕಾ?

ಉತ್ತರ: ಐದೂ ಜನ ತಪ್ಪು. ಆ ಏಳು ಸಂಖ್ಯೆಗಳಲ್ಲಿ ಇರುವುದು "ನಾಳೆ ಬಾ" ಅಂತ. ಉತ್ತರ ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ನನಗೆ ಇದಕ್ಕಿಂತ ನಿಮ್ಮ ಎರಡನೇ ಪ್ರಶ್ನೆ ಜಾಸ್ತಿ ಇಷ್ಟವಾಯಿತು. ಸರಿ ಅಂತ ಗೊತ್ತಾಗುವುದು ಹೇಗೆ? ಟೀಸರ್ ಬಿಡಿಸಲು ಕೂರುವವರಲ್ಲಿ ನೂರಕ್ಕೆ ತೊಂಬತ್ತು ಜನ ಈ ಪ್ರಶ್ನೆ ಕೇಳುವುದೇ ಇಲ್ಲ, ಏನೋ ಒಂದು ಸಿಕ್ಕ ತಕ್ಷಣ ಕುಣಿಯಲು ಶುರು ಮಾಡುತ್ತಾರೆ.

ಮೊದಲು ಸಂಖ್ಯೆಗಳನ್ನೇ ನೋಡೋಣ. ಕೂಡಬೇಡಿ, ಕಳೆಯಬೇಡಿ, ಸುಮ್ನೆ ನೋಡಿ. ಏಳು ಇವೆ. ಆರು ನಾಲ್ಕಂಕಿಯವು, ಒಂದು ಮಾತ್ರ 32. ಆ ಆರೂ 3240ರಿಂದ 3270ರ ಒಳಗೇ ಇವೆ, ಅಂದರೆ ತುಂಬಾ ಇಕ್ಕಟ್ಟಾದ ಜಾಗ. 3262 ಎರಡು ಸಲ ಬಂದಿದೆ. ತಾರೀಖು, ಫೋನ್ ನಂಬರ್, ಮ್ಯಾಪ್ ಯಾವುದೂ ಹೀಗೆ ಒಂದೇ ಕಡೆ ಗುಂಪು ಕಟ್ಟಿಕೊಂಡು ಇರುವುದಿಲ್ಲ. ಭಾಷೆ ಇರುತ್ತದೆ. ಅಕ್ಷರಮಾಲೆ ಚಿಕ್ಕದು, ಅದಕ್ಕೇ ಅಕ್ಷರಕ್ಕೆ ಕೊಟ್ಟ ಸಂಖ್ಯೆಗಳು ಅಕ್ಕಪಕ್ಕದಲ್ಲೇ ಇರುತ್ತವೆ, ಮತ್ತೆ ಮತ್ತೆ ಬರುತ್ತವೆ.

ನನ್ನ ಕಣ್ಣು ಮೊದಲು ಹೋಗಿದ್ದು ಆ 32ರ ಮೇಲೆ. ಕಂಪ್ಯೂಟರ್ ಜೊತೆ ದಿನಾ ಗುದ್ದಾಡುವವರಿಗೆ 32 ಅಂದರೆ ಖಾಲಿ ಜಾಗ, ಕೀಬೋರ್ಡಿನ ಸ್ಪೇಸ್. ಇಂಗ್ಲಿಷ್ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ನಂಬರ್ ಕೊಟ್ಟಿರುವ ಆಸ್ಕಿ ಪಟ್ಟಿಯಲ್ಲಿ ಅದರ ನಂಬರೇ 32. ಇಂಗ್ಲಿಷ್ ದೊಡ್ಡಕ್ಷರಗಳು 65ರಿಂದ 90, ಸಣ್ಣಕ್ಷರಗಳು 97ರಿಂದ 122. ಹಾಗಾದರೆ 32ರ ಆಚೆ ಈಚೆ ಇರುವ ನಾಲ್ಕಂಕಿಯವು ಯಾವ ಭಾಷೆಯ ಅಕ್ಷರ? ಇಂಗ್ಲಿಷ್ ಅಂತೂ ಅಲ್ಲ. ಆಸ್ಕಿ 127ಕ್ಕೇ ಮುಗಿಯುತ್ತದೆ.

ಇಲ್ಲಿ ಯೂನಿಕೋಡ್ ಬರುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ನಂಬರ್ ಕೊಟ್ಟಿರುವ ಪಟ್ಟಿ ಅದು. ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿದೆ. ನಮಗೆ ಸಿಕ್ಕಿರುವುದು 128 ಮನೆ, 3200ರಿಂದ 3327ರವರೆಗೆ. ಅ 3205, ಕ 3221, ಹ 3257. ಆಮೇಲೆ 3262ರಿಂದ ಕೊಂಬು, ದೀರ್ಘ, ಗುಡಿಸು ಇವೆಲ್ಲ. ಈಗ ನಿಮ್ಮ ಸಾಲನ್ನು ಓದಿ. 3240 ನ. 3262 ಆ ಸ್ವರದ ಚಿಹ್ನೆ, ಸೇರಿ ನಾ. 3251 ಳ. 3270 ಎ ಸ್ವರದ ಚಿಹ್ನೆ, ಸೇರಿ ಳೆ. 32 ಖಾಲಿ ಜಾಗ. 3244 ಬ, ಮತ್ತೆ 3262, ಬಾ. ಮುಗಿಯಿತು. ಏನೂ ಉಳಿಯಲಿಲ್ಲ.

ನಂಬಿಕೆ ಬರದಿದ್ದರೆ ನೀವೇ ಮಾಡಿ ನೋಡಿ. ಎಕ್ಸೆಲ್‌ನಲ್ಲಿ ಯೂನಿಚಾರ್ ಅನ್ನುವ ಫಂಕ್ಷನ್ ಇದೆ, ಅದಕ್ಕೆ 3240 ಕೊಟ್ಟರೆ ನ ಬರುತ್ತದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದವರಿಗೆ ಒಂದು ಸಾಲಿನ ಕೆಲಸ.

ಇನ್ನೊಂದು ವಿಷಯ ಗಮನಿಸಿ. ಕನ್ನಡದಲ್ಲಿ ಸ್ವರಚಿಹ್ನೆ ಒಂಟಿಯಾಗಿ ನಿಲ್ಲುವುದಿಲ್ಲ, ಪದದ ಮೊದಲಿಗೂ ಬರುವುದಿಲ್ಲ, ಅದಕ್ಕೆ ಮುಂಚೆ ಒಂದು ವ್ಯಂಜನ ಇರಲೇಬೇಕು. ನಿಮ್ಮ ಸಾಲಿನಲ್ಲಿ ವ್ಯಂಜನ, ಚಿಹ್ನೆ, ವ್ಯಂಜನ, ಚಿಹ್ನೆ, ಖಾಲಿ, ವ್ಯಂಜನ, ಚಿಹ್ನೆ, ಹೀಗೆ ಸರಿಯಾಗಿ ಕೂತಿದೆ. ಯಾರೋ ಬಾಯಿಗೆ ಬಂದ ಸಂಖ್ಯೆ ಹಾಕಿದ್ದರೆ ಇದು ಹೀಗೆ ಕೂರುತ್ತಿರಲಿಲ್ಲ. ಅಂದರೆ ಅರ್ಥ ಓದುವ ಮುಂಚೆಯೇ ದಾರಿ ಸರಿ ಇದೆ ಅಂತ ಗೊತ್ತಾಗುತ್ತದೆ. ಮೇಲಿಂದ ಟೀಸರ್‌ನಲ್ಲಿ ಬಾಗಿಲು ಬೇರೆ ಇದೆ. ರಾತ್ರಿ ದೆವ್ವ ಬಂದು ಗೊತ್ತಿರುವವರ ದನಿಯಲ್ಲಿ ಕರೆಯುತ್ತದೆ, ಬಾಗಿಲ ಮೇಲೆ ನಾಳೆ ಬಾ ಅಂತ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತದೆ ಅನ್ನುವ ಸುದ್ದಿ 90ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಹಬ್ಬಿತ್ತು. ನೀವೆಲ್ಲ ಹುಟ್ಟಿರಲಿಕ್ಕಿಲ್ಲ, ಮನೆಯಲ್ಲಿ ಅಮ್ಮನನ್ನು ಕೇಳಿ. ಹಾರರ್ ಗೇಮಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಮಾತು ಬೇಕಾ?

ಈಗ ನಿಮ್ಮ 19561ಕ್ಕೆ ಬರೋಣ. ಕೂಡಿದ್ದು ಸರಿ ಇದೆ, ನಾನೂ ಕೂಡಿ ನೋಡಿದೆ, 19561 ಬರುತ್ತದೆ. ನಿಜ ಹೇಳಬೇಕೆಂದರೆ ಒಂದು ಗಳಿಗೆ ನನಗೂ ಮೈ ಜುಮ್ಮೆಂದಿತು. ಆದರೆ ಆ ಉತ್ತರಕ್ಕೆ ಹೋಗಲು ನೀವು ಎಷ್ಟು ಕಡೆ ನಿಮ್ಮಿಷ್ಟದ ಆಯ್ಕೆ ಮಾಡಿದಿರಿ ಅಂತ ಎಣಿಸಿ. ಕೂಡಬೇಕು ಅಂತ ಯಾರೂ ಹೇಳಿರಲಿಲ್ಲ, ಅದು ನಿಮ್ಮ ಆಯ್ಕೆ. ಬೇರೆ ಥರ ಇರುವ 32 ಅನ್ನೂ ಸೇರಿಸಿಕೊಂಡಿರಿ. ಬಂದ ಐದಂಕಿಯನ್ನು ನಾಲ್ಕು ಮತ್ತು ಒಂದು ಅಂತ ಕತ್ತರಿಸಿದಿರಿ. ಮೊದಲ ತುಂಡು ಇಸವಿ ಅಂದಿರಿ, ಎರಡನೆಯದು ತಾರೀಖು ಅಂದಿರಿ. ನವೆಂಬರ್ ಎಲ್ಲಿಂದ ಬಂತು? ಸಂಖ್ಯೆಗಳಲ್ಲಿ 11 ಎಲ್ಲೂ ಇಲ್ಲ. ಅದು ನಿಮ್ಮ ತಲೆಯಿಂದ ಬಂತು. ಕೊನೆಗೆ 1956 ಕಳೆದುಹೋದ ವರ್ಷ ಆದ್ದರಿಂದ ಇಸವಿಯನ್ನು ಬಿಟ್ಟು ತಾರೀಖು ಮಾತ್ರ ಇಟ್ಟುಕೊಂಡಿರಿ. ಇಷ್ಟೆಲ್ಲ ತಿರುವು. "ನಾಳೆ ಬಾ"ಗೆ ಒಂದೇ ಒಂದು ಊಹೆ ಸಾಕಾಯಿತು: ಇವು ಯೂನಿಕೋಡ್ ಸಂಖ್ಯೆ. ಉಳಿದಿದ್ದೆಲ್ಲ ತಾನಾಗೇ ಬಂತು.

ಮೊತ್ತ 19731 ಬಂದಿದ್ದರೆ ಏನು ಮಾಡುತ್ತಿದ್ದಿರಿ ಹೇಳಿ? ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ, ಆಗಲೂ ನವೆಂಬರ್ 1 ಅಂತಲೇ ಹೇಳುತ್ತಿದ್ದಿರಿ. 19471 ಬಂದಿದ್ದರೆ ಸ್ವಾತಂತ್ರ್ಯ ದಿನ. ಯಾವ ಸಂಖ್ಯೆ ಬಂದರೂ ಒಂದು ಕಥೆ ಸಿಗುತ್ತದೆ ಅಂದಮೇಲೆ ಆ ದಾರಿಯಲ್ಲಿ ಸಿಕ್ಕ ಕಥೆಗೆ ಬೆಲೆ ಇಲ್ಲ.

ಬೇಕಾದರೆ ನಾನೂ ಒಂದು ಕಥೆ ಕಟ್ಟುತ್ತೇನೆ ನೋಡಿ. ಮೊದಲ ಎರಡು ಸಂಖ್ಯೆ ಕೂಡಿ: 3240 ಮತ್ತು 3262, ಒಟ್ಟು 6502. ಅದು 1975ರಲ್ಲಿ ಬಂದ ಒಂದು ಪ್ರಸಿದ್ಧ ಚಿಪ್ಪಿನ ನಂಬರ್! ಆಪಲ್ 2 ಕಂಪ್ಯೂಟರಿನಲ್ಲಿ ಇದ್ದದ್ದು ಅದೇ, ನಿಂಟೆಂಡೋ ಕಂಪನಿಯ ಫ್ಯಾಮಿಕಾಂ ಅನ್ನುವ ಗೇಮ್ ಯಂತ್ರದ ಚಿಪ್ ಅದರ ಮೇಲೇ ಕಟ್ಟಿದ್ದು, ನಿಮ್ಮ ಅಣ್ಣಂದಿರು ಟಿವಿಗೆ ಸಿಗಿಸಿಕೊಂಡು ಮಾರಿಯೋ, ಕಾಂಟ್ರಾ ಆಡುತ್ತಿದ್ದ ಕ್ಯಾಸೆಟ್ ಗೇಮ್‌ಗಳೆಲ್ಲ ಆ ಫ್ಯಾಮಿಕಾಂನ ನಕಲುಗಳೇ. ಹಾಗಾಗಿ ಇದು ಹಳೇ ಕಾಲದ ಎಂಟು ಬಿಟ್‌ನ ಗೇಮ್ ಅಂತ ಬರೆದು ಹಾಕಿದರೆ ನಾಳೆ ಬೆಳಗ್ಗೆಗೆ ನೂರು ಜನ ಹೌದು ಹೌದು ಅನ್ನುತ್ತಾರೆ. ಬರೀ ಕಾಕತಾಳೀಯ.

ಇದನ್ನು ಹಿಡಿಯಲು ಒಂದು ಸರಳ ಪರೀಕ್ಷೆ ಇದೆ. ಸಂಖ್ಯೆಗಳನ್ನು ಕಲಸಿ, ಹಿಂದೆ ಮುಂದೆ ಮಾಡಿ. ನಿಮ್ಮ ಉತ್ತರ ಬದಲಾಗುತ್ತದಾ? ಮೊತ್ತ ಬದಲಾಗುವುದಿಲ್ಲ, ಹೇಗೆ ಕಲಸಿದರೂ 19561 ಬರುತ್ತದೆ. ಅಂದರೆ ನಿಮ್ಮ ಉತ್ತರಕ್ಕೆ ಸಂಖ್ಯೆಗಳ ಕ್ರಮವೇ ಬೇಡ. ಆದರೆ ಒಗಟು ಮಾಡಿದವರು ಒಂದು ಕ್ರಮದಲ್ಲಿ ಜೋಡಿಸಿದ್ದಾರೆ, 32 ಅನ್ನು ನಿರ್ದಿಷ್ಟವಾಗಿ ಐದನೇ ಜಾಗದಲ್ಲಿ ಇಟ್ಟಿದ್ದಾರೆ, ಅಷ್ಟು ಕಷ್ಟ ಪಟ್ಟಿದ್ದು ಸುಮ್ನೆ ಅಂತೂ ಅಲ್ಲ.

ಮ್ಯಾಪ್ ಅಂದವರಿಗೆ ಒಂದೇ ಮಾತು. 32.40 ಉತ್ತರ, 32.62 ಪೂರ್ವ ಅಂತ ಮ್ಯಾಪಿಗೆ ಹಾಕಿ ನೋಡಿದಿರಾ? ಅದು ಮೆಡಿಟರೇನಿಯನ್ ಸಮುದ್ರದಲ್ಲಿದೆ, ಈಜಿಪ್ಟಿನ ಪೋರ್ಟ್ ಸಯೀದ್‌ನಿಂದ ಉತ್ತರಕ್ಕೆ. ಹುಬ್ಬಳ್ಳಿ ಇರುವುದು 15.36, 75.12ರ ಹತ್ತಿರ. ಭಾರತದ ಯಾವ ಮೂಲೆಯ ರೇಖಾಂಶವೂ 68ಕ್ಕಿಂತ ಕೆಳಗೆ ಬರುವುದಿಲ್ಲ. ಎರಡು ನಿಮಿಷದಲ್ಲಿ ಬಿದ್ದುಹೋಗುವ ವಾದ ಅದು, ಅದರ ಮೇಲೆ ರಾತ್ರಿಯೆಲ್ಲ ಜಗಳ ಆಡಬೇಡಿ.

ಚಿಕ್ಕ ಸಂದೇಶದ ತೊಂದರೆಯೇ ಇದು. ಸಂದೇಶ ಚಿಕ್ಕದಾದಷ್ಟೂ ಅದಕ್ಕೆ ಸರಿ ಅನ್ನಿಸುವ ಉತ್ತರಗಳು ಜಾಸ್ತಿ. ಮಾಹಿತಿ ಸಿದ್ಧಾಂತ ಕಟ್ಟಿದ ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲೇ ಇದಕ್ಕೆ ಲೆಕ್ಕ ಹಾಕಿಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಬದಲು ಇನ್ನೊಂದು ಅಕ್ಷರ ಹಾಕುವ ಸಾದಾ ಗುಪ್ತಲಿಪಿಗೆ ಒಂದೇ ಉತ್ತರ ಅಂತ ಗಟ್ಟಿಯಾಗಿ ಹೇಳಬೇಕಾದರೆ ಸುಮಾರು 25ರಿಂದ 30 ಅಕ್ಷರವಾದರೂ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ಬೇರೆ ಬೇರೆ ವಾಕ್ಯಗಳು ಕೂತುಬಿಡುತ್ತವೆ. ಹಾಗಾದರೆ ಏಳೇ ಸಂಖ್ಯೆಯ ಮೇಲೆ ನನಗೆ ಇಷ್ಟು ಧೈರ್ಯ ಹೇಗೆ ಅಂತ ಕೇಳಬಹುದು. ಯಾಕೆಂದರೆ ಇಲ್ಲಿ ನಾನು ಊಹಿಸಿದ ಕೀಲಿ ಯಾವುದೂ ಇಲ್ಲ. ಪಟ್ಟಿ ಮೊದಲೇ ಇದೆ, ಜಗತ್ತಿಗೆಲ್ಲ ಗೊತ್ತಿರುವಂಥದ್ದು, ನನಗೆ ಬೇಕಾದ ಹಾಗೆ ತಿರುಚಲು ಆಗುವುದಿಲ್ಲ.

ದೊಡ್ಡ ದೊಡ್ಡ ಗೇಮ್‌ಗಳಲ್ಲೂ ಇದೇ ಕಥೆ. ನನಗೆ ಇವತ್ತಿಗೂ ಅತ್ಯಂತ ಇಷ್ಟವಾದದ್ದು ಪೋರ್ಟಲ್ 2ರ ಒಗಟು. 2010ರ ಮಾರ್ಚ್ 1ರಂದು ವಾಲ್ವ್ ಕಂಪನಿ ಹಳೇ ಪೋರ್ಟಲ್ ಗೇಮಿಗೆ ಒಂದು ಸಣ್ಣ ಅಪ್‌ಡೇಟ್ ಬಿಟ್ಟಿತು. ರೇಡಿಯೋ ತರಂಗಾಂತರವನ್ನು ಸರ್ಕಾರದ ನಿಯಮಕ್ಕೆ ತಕ್ಕ ಹಾಗೆ ಬದಲಾಯಿಸಿದ್ದೇವೆ ಅಂತ ಒಂದು ಒಣ ಸಾಲು, ಅಷ್ಟೇ. ಗೇಮಿನ ಒಳಗೆ ಹೋದರೆ 26 ರೇಡಿಯೋ. ಪ್ರತಿಯೊಂದನ್ನೂ ಎತ್ತಿಕೊಂಡು ಸರಿಯಾದ ಜಾಗಕ್ಕೆ ಒಯ್ದರೆ ಅದರ ದೀಪ ಹಸಿರಾಗುತ್ತದೆ, ಸದ್ದು ಬದಲಾಗುತ್ತದೆ. ಕೆಲವು ಸದ್ದು ಮೋರ್ಸ್, ಅಂದರೆ ಗಿಡ್ಡ ಉದ್ದ ಬೀಪ್ ಸದ್ದಿನಲ್ಲಿ ಅಕ್ಷರ ಕಳಿಸುವ ಹಳೇ ತಂತಿ ಸಂಕೇತ. ಕೆಲವು ಮೋಡೆಮ್ (ಫೋನ್ ಲೈನಿನಲ್ಲಿ ಕಂಪ್ಯೂಟರ್ ಜೋಡಿಸುವ ಪೆಟ್ಟಿಗೆ) ಥರ ಕಿರುಚುವ ಸದ್ದು, ಅದು ಹ್ಯಾಮ್ ರೇಡಿಯೋದವರು, ಅಂದರೆ ಹವ್ಯಾಸಕ್ಕೆ ರೇಡಿಯೋ ನಡೆಸುವವರು, ಚಿತ್ರ ಕಳಿಸಲು ಬಳಸುವ ವಿಧಾನ, ಸ್ಲೋ ಸ್ಕ್ಯಾನ್ ಟಿವಿ ಅಂತಾರೆ. ಆ ಚಿತ್ರಗಳನ್ನು ಬಿಡಿಸಿ, ಅದರಲ್ಲಿದ್ದ ಅಕ್ಷರ ಜೋಡಿಸಿ, ಅದು ಒಂದು ಎಂಡಿ5 ಹ್ಯಾಶ್ (ಯಾವುದೇ ಮಾಹಿತಿಯನ್ನು ಒಂದೇ ಉದ್ದದ ಗುರುತಿಗೆ ಇಳಿಸುವ ಲೆಕ್ಕ) ಅಂತ ಹಿಡಿದು, ಅದರಿಂದ ಫೋನ್ ನಂಬರ್ ತೆಗೆದು, ಆ ನಂಬರಿಗೆ ಹಳೇ ಮೋಡೆಮ್‌ನಿಂದ ಡಯಲ್ ಮಾಡಿದರೆ ಆ ಕಡೆ ಇನ್ನಷ್ಟು ಚಿತ್ರಗಳು! ಮಾರ್ಚ್ 3ಕ್ಕೆ ಹಳೇ ಗೇಮಿನ ಕೊನೆಯ ದೃಶ್ಯವನ್ನೇ ಬದಲಾಯಿಸಿದರು, 5ಕ್ಕೆ ಪೋರ್ಟಲ್ 2 ಘೋಷಣೆಯಾಯಿತು. ಗಮನಿಸಿ, ಪ್ರತಿ ಹೆಜ್ಜೆಯಲ್ಲೂ ನೀವು ಸರಿ ಇದ್ದೀರಿ ಅಂತ ಗೇಮೇ ಹೇಳುತ್ತಿತ್ತು. ದೀಪ ಹಸಿರಾಯಿತು, ಚಿತ್ರ ಮೂಡಿತು, ಆ ಕಡೆಯಿಂದ ಮೋಡೆಮ್ ಎತ್ತಿಕೊಂಡಿತು. ಒಳ್ಳೆಯ ಒಗಟು ಹೀಗೇ ಇರುತ್ತದೆ.

ನಮ್ಮ ಕಡೆ ಮದುವೆಯಲ್ಲಿ ಒಡಪು ಹೇಳುತ್ತಾರಲ್ಲ, ಗಂಡನ ಹೆಸರನ್ನು ಪದ್ಯದಲ್ಲಿ ಬಚ್ಚಿಟ್ಟು ಹೇಳುವುದು, ಟೀಸರ್ ಅದರ ಥರ. ಹೆಸರು ಅಡಗಿಸುವುದು ಹೌದು, ಆದರೆ ಕೂತವರಿಗೆ ಗೊತ್ತಾಗಬಾರದು ಅಂತ ಅಲ್ಲ, ಗೊತ್ತಾಗಲಿ ಅಂತಲೇ. ಟೀಸರ್ ಮಾಡಿದವರಿಗೆ ನೀವು ಬಿಡಿಸುವುದು ಬೇಕು, ಅದಕ್ಕೇ ದುಡ್ಡು ಖರ್ಚು ಮಾಡಿದ್ದಾರೆ. ಹಾಗಾಗಿ ಉತ್ತರಕ್ಕೆ ಹೋಗಲು ಆರು ಸಲ ಸುತ್ತಬೇಕು ಅಂತ ಆದರೆ ನೀವು ಬೇರೆ ಯಾವುದೋ ಊರಿಗೆ ಹೋಗುತ್ತಿದ್ದೀರಿ ಅಂತಲೇ ಅರ್ಥ.

ಕೆಲವೊಮ್ಮೆ ಮಾಡಿದವರ ಲೆಕ್ಕ ತಪ್ಪುವುದೂ ಉಂಟು. 2014ರ ಆಗಸ್ಟ್ 12ರಂದು ಪಿ.ಟಿ. ಅಂತ ಒಂದು ಪುಟ್ಟ ಹಾರರ್ ಗೇಮ್ ಬಂತು, ಮಾಡಿದ ಸ್ಟುಡಿಯೋದ ಹೆಸರೇ ಯಾರೂ ಕೇಳಿರಲಿಲ್ಲ. ಕೊನೆಯವರೆಗೆ ಬಿಡಿಸಿದರೆ ಅದು ಹೊಸ ಸೈಲೆಂಟ್ ಹಿಲ್ಸ್ ಗೇಮಿನ ಟೀಸರ್ ಅಂತ ಗೊತ್ತಾಗುತ್ತಿತ್ತು. ಜನಕ್ಕೆ ಒಂದು ವಾರವಾದರೂ ಬೇಕು ಅಂತ ಅದನ್ನು ಮಾಡಿದ ಹಿಡಿಯೊ ಕೊಜಿಮಾ ಅಂದುಕೊಂಡಿದ್ದರು, ಕೆಲವೇ ಗಂಟೆಗಳಲ್ಲಿ ಬಿಡಿಸಿ ಬಿಸಾಕಿದರು. (ಆ ಗೇಮ್ ಮುಂದಿನ ವರ್ಷ ರದ್ದಾಯಿತು, ಅದು ಬೇರೆಯೇ ದುಃಖ.) ಓವರ್‌ವಾಚ್‌ನವರು 2016ರಲ್ಲಿ ಇದರ ಉಲ್ಟಾ ಮಾಡಿದರು. ಆ ಗೇಮಿಗೆ ಸೇರಲಿದ್ದ ಸೋಂಬ್ರಾ ಅನ್ನುವ ಹೊಸ ಪಾತ್ರಕ್ಕಾಗಿ ತಿಂಗಳುಗಟ್ಟಲೆ ಸುಳಿವು ಎಳೆದರು, ಒಂದು ಗುಪ್ತಲಿಪಿ ಬಿಡಿಸಿದರೆ ಇನ್ನೊಂದು, ಅದನ್ನು ಬಿಡಿಸಿದರೆ ವಾರಗಟ್ಟಲೆ ಆಮೆಯ ಹಾಗೆ ಏರುವ ಒಂದು ಶೇಕಡಾವಾರು ಲೆಕ್ಕ. ಕೊನೆಗೆ ನವೆಂಬರಿನಲ್ಲಿ ಪಾತ್ರ ಬರುವ ಹೊತ್ತಿಗೆ ಅರ್ಧ ಜನಕ್ಕೆ ಬೇಸರ ಬಂದಿತ್ತು. ನನ್ನ ಪ್ರಕಾರ ಅದು ಒಗಟು ಮಾಡುವವರಿಗೆ ಪಾಠ, ಬಿಡಿಸುವವರಿಗಲ್ಲ. ಇನ್ನು ಟ್ರಯಲ್ಸ್ ಎವಲ್ಯೂಷನ್ ಅಂತ 2012ರ ಬೈಕ್ ಗೇಮ್ ಇದೆ, ಅದರ ಒಗಟಿನ ಕೊನೆಯ ಉತ್ತರ ಐಫೆಲ್ ಟವರ್ ಕೆಳಗೆ 2113ರ ಆಗಸ್ಟ್ ತಿಂಗಳ ಮೊದಲ ಶನಿವಾರ ಬನ್ನಿ ಅಂತ. ನೀವು ನವೆಂಬರ್ 1ಕ್ಕೆ ಕಾಯಲಾರದೆ ಒದ್ದಾಡುತ್ತಿದ್ದೀರಿ!

ಇಲ್ಲದ್ದನ್ನು ಹುಡುಕಿದ ಕಥೆಗಳು ಇನ್ನೂ ಮಜಾ. 2012ರ ಡಿಸೆಂಬರಿನಲ್ಲಿ ದಿ ಫ್ಯಾಂಟಮ್ ಪೇನ್ ಅಂತ ಒಂದು ಟ್ರೇಲರ್ ಬಂತು, ಮಾಡಿದವರು ಮೋಬಿ ಡಿಕ್ ಸ್ಟುಡಿಯೋ, ಮುಖ್ಯಸ್ಥ ಯೋಕಿಮ್ ಮೋಗ್ರೆನ್ ಅಂತ ಇತ್ತು. ಯೋಕಿಮ್ ಹೆಸರಿನ ಇಂಗ್ಲಿಷ್ ಅಕ್ಷರ ಹಿಂದೆ ಮುಂದೆ ಮಾಡಿದರೆ ಕೊಜಿಮಾ ಆಗುತ್ತದೆ ಅಂತ ಅಭಿಮಾನಿಗಳು ಹಿಡಿದರು, ಗೇಮಿನ ಹೆಸರಿನ ಅಕ್ಷರಗಳ ಮೇಲೆ ಬಿಟ್ಟಿದ್ದ ಜಾಗದಲ್ಲಿ ಕೊಜಿಮಾ ಅವರದೇ ಸರಣಿಯ ಮೆಟಲ್ ಗೇರ್ ಸಾಲಿಡ್ 5 ಅಂತ ಸರಿಯಾಗಿ ಕೂರುತ್ತದೆ ಅಂತಲೂ ತೋರಿಸಿದರು. 2013ರ ಮಾರ್ಚಿನಲ್ಲಿ ಅದೇ ನಿಜವಾಯಿತು. ಆದರೆ ಇದರಿಂದ ಆದ ಅನಾಹುತ ಏನು ಗೊತ್ತಾ? 2021ರಲ್ಲಿ ಅಬ್ಯಾಂಡಂಡ್ ಅಂತ ಒಂದು ಸಣ್ಣ ಸ್ಟುಡಿಯೋದ ಗೇಮ್ ಬಂದಾಗ ಅದೂ ಕೊಜಿಮಾನೇ ಅಂತ ಜನ ಹಠ ಹಿಡಿದರು. ಹೆಸರಿನ ಮೊದಲಕ್ಷರ, ಲೋಗೋ, ಬಣ್ಣ, ಎಲ್ಲದರಲ್ಲೂ ಸಾಕ್ಷಿ ಸಿಕ್ಕಿತು. ಸ್ಟುಡಿಯೋದವರು ಅಲ್ಲ ಅಲ್ಲ ಅಂತ ಹೇಳಿದರೂ, ಅಲ್ಲ ಅನ್ನುವುದೇ ಸಾಕ್ಷಿ ಅಂದರು. ಹೋದ ಸಲ ಗೆದ್ದ ಉಪಾಯವನ್ನೇ ಈ ಸಲವೂ ಹುಡುಕುವುದು ನಮ್ಮ ಬುದ್ಧಿಯ ಹಳೇ ಚಾಳಿ.

ಬಿಡುಗಡೆಗೆ ಜನ ವರ್ಷಗಟ್ಟಲೆ ಕಾಯುತ್ತಿದ್ದ ಸಿಲ್ಕ್‌ಸಾಂಗ್ ಗೇಮಿನ ಕೇಕ್ ಪ್ರಸಂಗ ನಿಮಗೆ ಗೊತ್ತೇ ಇರಬೇಕು. 2025ರ ಜನವರಿಯಲ್ಲಿ ತಂಡದವರೊಬ್ಬರು ತಮ್ಮ ಪ್ರೊಫೈಲ್ ಚಿತ್ರಕ್ಕೆ ಚಾಕೊಲೇಟ್ ಕೇಕ್ ಹಾಕಿದರು. ಅಷ್ಟಕ್ಕೇ ಅಭಿಮಾನಿಗಳು ಕೇಕಿನ ಜಾಡು ಹಿಡಿದು ಏಪ್ರಿಲ್ 2ಕ್ಕೆ ನಿಂಟೆಂಡೋ ಕಾರ್ಯಕ್ರಮದಲ್ಲಿ ಏನೋ ಇದೆ ಅಂದರು. ಅದರಲ್ಲಿ ಏನೂ ಇಲ್ಲ ಅಂತ ತಂಡದ ಕಡೆಯಿಂದ ಹೇಳಿದ್ದೂ ಆಯಿತು. ತಮಾಷೆ ಏನೆಂದರೆ ಏಪ್ರಿಲ್ 2ರ ಕಾರ್ಯಕ್ರಮದಲ್ಲಿ ಸಿಲ್ಕ್‌ಸಾಂಗ್ ನಿಜವಾಗಿಯೂ ಕೆಲವು ಸೆಕೆಂಡ್ ಬಂತು, ಗೇಮ್ ಸೆಪ್ಟೆಂಬರ್ 4ಕ್ಕೆ ಬಿಡುಗಡೆಯೂ ಆಯಿತು. ಹಾಗಂತ ಕೇಕ್ ಓದಿದ್ದು ಸರಿ ಅಂತಲ್ಲ. ಸಾವಿರಾರು ಜನ ಸಾವಿರಾರು ತಾರೀಖು ಹೇಳುತ್ತಿದ್ದರೆ ಒಂದಾದರೂ ತಾಗಲೇಬೇಕಲ್ವಾ. ನಿಮ್ಮ ಗೇಮ್ ಕೂಡ ನವೆಂಬರ್ 1ಕ್ಕೇ ಬರಬಹುದು, ಕನ್ನಡ ತಂಡಕ್ಕೆ ಅದು ಒಳ್ಳೆಯ ದಿನವೇ. ಬಂದರೂ ಆ ಸಂಖ್ಯೆಗಳಲ್ಲಿ ಅದು ಇರಲಿಲ್ಲ.

ಈಗ ಸದ್ದಿನ ವಿಚಾರ. ನೀವು ಅದನ್ನು ಬಿಟ್ಟೇಬಿಟ್ಟಿದ್ದೀರಿ, ಅದು ಸರಿಯಲ್ಲ. ಅಡಾಸಿಟಿ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಆಡಿಯೋ ತೆರೆದು ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ ಬದಲಾಯಿಸಿ. ಸದ್ದು ಚಿತ್ರವಾಗಿ ಕಾಣುತ್ತದೆ, ಅಡ್ಡಕ್ಕೆ ಸಮಯ, ಮೇಲಕ್ಕೆ ಸ್ವರದ ಎತ್ತರ. 2016ರ ಡೂಮ್ ಗೇಮಿನ ಸಂಗೀತದಲ್ಲಿ ಮಿಕ್ ಗೋರ್ಡನ್ ಹೀಗೇ ಸೈತಾನನ ಸಂಖ್ಯೆ ಅನ್ನುವ 666 ಮತ್ತು ಪೆಂಟಗ್ರಾಮ್ (ಐದು ಮೂಲೆಯ ನಕ್ಷತ್ರ) ಚಿತ್ರ ಅಡಗಿಸಿದ್ದರು. ನಿಮ್ಮದು ಆರೇ ಸೆಕೆಂಡ್. ಪೋರ್ಟಲ್ ಥರದ ಸ್ಲೋ ಸ್ಕ್ಯಾನ್ ಚಿತ್ರ ಇರಲಿಕ್ಕಿಲ್ಲ, ರೋಬೋಟ್ 36 ಅನ್ನುವ ಸಾಮಾನ್ಯ ವಿಧಾನಕ್ಕೇ 36 ಸೆಕೆಂಡ್ ಬೇಕು. ಮೋರ್ಸ್ ಆದರೆ ನಿಮಿಷಕ್ಕೆ 20 ಪದದ ವೇಗದಲ್ಲಿ ಆರು ಸೆಕೆಂಡಿಗೆ ಎರಡು ಪದ ಹಿಡಿಯುತ್ತದೆ. ಏನೂ ಸಿಗದಿದ್ದರೆ ಅದು ಬರೀ ಸದ್ದು ಅಂತ ಒಪ್ಪಿಕೊಳ್ಳಿ. ಹಾರರ್ ಟೀಸರ್‌ನಲ್ಲಿ ಚರಚರ ಅನ್ನದೆ ಇನ್ನೇನು ತಂಬೂರಿ ನುಡಿಸುತ್ತಾರಾ?

ಆದರೆ ಇದೆಲ್ಲ ಮಾಡುವುದು ಮೂಲ ಫೈಲ್ ಮೇಲೆ. ಗೆಳೆಯ ವಾಟ್ಸಾಪ್‌ನಲ್ಲಿ ಕಳಿಸಿದ ವಿಡಿಯೋ, ಸ್ಕ್ರೀನ್‌ಶಾಟ್ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಫಾರ್ವರ್ಡ್ ಆಗುತ್ತಾ ಫೈಲ್ ಹಿಂಡಿಹೋಗುತ್ತದೆ, ಎತ್ತರದ ಸ್ವರಗಳು ಕತ್ತರಿಸಿ ಹೋಗುತ್ತವೆ, ಚಿತ್ರದಲ್ಲಿ ಎಂಟಕ್ಕೆ ಎಂಟರ ಚೌಕಗಳು ಎದ್ದು ಕಾಣುತ್ತವೆ. ಆ ಚೌಕಗಳಲ್ಲಿ ಮುಖ ಕಂಡವರಿದ್ದಾರೆ, ನಂಬಿ. ವಿಡಿಯೋವನ್ನು ಯೂಟ್ಯೂಬ್‌ನಲ್ಲಿ ನಿಲ್ಲಿಸಿ ಕೀಬೋರ್ಡಿನ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗುತ್ತದೆ. ಸೆಕೆಂಡಿಗೆ 30 ಫ್ರೇಮ್ ಆದರೆ ನಿಮ್ಮ ಅರ್ಧ ಸೆಕೆಂಡಿನಲ್ಲಿ 15 ಫ್ರೇಮ್ ಇವೆ. ಹದಿನೈದರಲ್ಲೂ ಅದೇ ಏಳು ಸಂಖ್ಯೆ ಇದೆಯಾ ಅಂತ ನೋಡಿದಿರಾ? ಒಂದೇ ಫ್ರೇಮಿನಲ್ಲಿ ಬೇರೆ ಏನೋ ಇಡುವುದು ತುಂಬಾ ಹಳೆಯ ಆಟ.

ಕನ್ನಡದ ಟೀಸರ್ ಅಂದಮೇಲೆ ಮುಂದಿನ ಸಲಕ್ಕೆ ಇನ್ನೆರಡು ಗುರುತು ಹೇಳಿಬಿಡುತ್ತೇನೆ, ಇದನ್ನು ಇಂಗ್ಲಿಷ್ ವಿಡಿಯೋಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. ಫೈಲಿನಲ್ಲಿ ಉಳಿಸುವಾಗ ಕಂಪ್ಯೂಟರ್ ಸಾಮಾನ್ಯವಾಗಿ (ಯುಟಿಎಫ್-8 ಅನ್ನುವ ವಿಧಾನದಲ್ಲಿ) ಕನ್ನಡದ ಒಂದೊಂದು ಅಕ್ಷರಕ್ಕೂ, ಚಿಹ್ನೆಗೂ ಮೂರು ಬೈಟ್, ಅಂದರೆ 0ರಿಂದ 255ರ ಒಳಗಿನ ಮೂರು ಸಂಖ್ಯೆ, ಬಳಸುತ್ತದೆ, ಅವು ಶುರುವಾಗುವುದು 224 178 ಅಥವಾ 224 179ರಿಂದ. ಈ ಜೋಡಿ ಪದೇ ಪದೇ ಕಂಡರೆ ಕಣ್ಣು ಮುಚ್ಚಿ ಕನ್ನಡ ಅನ್ನಿ. ಅದನ್ನೇ ಬೇಸ್64ಕ್ಕೆ (ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯುವ ವಿಧಾನ) ಹಾಕಿದರೆ ಮೊದಲ ಪದದುದ್ದಕ್ಕೂ ನಾಲ್ಕು ನಾಲ್ಕು ಅಕ್ಷರಕ್ಕೊಮ್ಮೆ 4LK ಅಥವಾ 4LO ಅಂತ ಇಣುಕುತ್ತದೆ. ಇನ್ನು ಒಬ್ಬ ಕಿಲಾಡಿ ಎಲ್ಲ ಅಕ್ಷರದ ಸಂಖ್ಯೆಯಿಂದ 128 ಕಳೆದು ಕೊಟ್ಟರೆ? ಆಗ ತೆಲುಗು ಅಕ್ಷರ ಬರುತ್ತದೆ, ಯಾಕೆಂದರೆ ಪಟ್ಟಿಯಲ್ಲಿ ತೆಲುಗು ನಮಗಿಂತ ಸರಿಯಾಗಿ 128 ಮನೆ ಹಿಂದಿದೆ, ಅಕ್ಷರಗಳ ಜೋಡಣೆಯೂ ಹೆಚ್ಚುಕಮ್ಮಿ ಅದೇ. 896 ಕಳೆದರೆ ದೇವನಾಗರಿ. ನಾನು ಒಗಟು ಮಾಡುವವನಾಗಿದ್ದರೆ ಇದನ್ನೇ ಬಳಸುತ್ತಿದ್ದೆ.

ಬಾಗಿಲಿನ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಹೋಗಬೇಡಿ. ಧಾರವಾಡದಲ್ಲಿ, ಗದಗಿನಲ್ಲಿ, ಹಾವೇರಿ ಕಡೆಯ ಊರುಗಳಲ್ಲಿ ಅಂಥ ಬಾಗಿಲು ಬೇಕಾದಷ್ಟು ಇವೆ, ಒಳಗೆ ಜನ ವಾಸ ಮಾಡುತ್ತಾರೆ. ರಾತ್ರಿ ಐದು ಜನ ಹುಡುಗರು ಮೊಬೈಲ್ ಟಾರ್ಚ್ ಹಿಡಿದು ಯಾರದೋ ತಲಬಾಗಿಲು ತಡಕುತ್ತಿದ್ದರೆ ಆ ಮನೆಯ ಅಜ್ಜಿಗೆ ಗೇಮ್ ಅಂತ ಹೇಗೆ ಅರ್ಥ ಮಾಡಿಸುತ್ತೀರಿ? ನಿಜವಾಗಿ ಹೊರಗೆ ಕರೆಯುವ ಒಗಟುಗಳು ಅನುಮಾನಕ್ಕೆ ಜಾಗ ಬಿಡುವುದಿಲ್ಲ. 2004ರಲ್ಲಿ ಹೇಲೋ 2 ಗೇಮಿಗಾಗಿ ಐ ಲವ್ ಬೀಸ್ ಅಂತ ಒಂದು ಆಟ ನಡೆಯಿತು. ಅದರಲ್ಲಿ ಜಾಗದ ಅಕ್ಷಾಂಶ ರೇಖಾಂಶ ಮತ್ತು ಗಂಟೆ ನಿಮಿಷ ಎರಡನ್ನೂ ಸ್ಪಷ್ಟವಾಗಿ ಕೊಟ್ಟಿದ್ದರು, ಜನ ಹೋಗಿ ನಿಂತಿದ್ದು ರಸ್ತೆ ಬದಿಯ ಪೇ ಫೋನ್ ಹತ್ತಿರ, ಆ ಹೊತ್ತಿಗೆ ಸರಿಯಾಗಿ ಫೋನ್ ರಿಂಗ್ ಆಗುತ್ತಿತ್ತು. ಯಾರ ಮನೆ ಬಾಗಿಲನ್ನೂ ಬಡಿಯಬೇಕಾಗಿರಲಿಲ್ಲ.

ಅದೇ ಥರ ತಂಡದ ವೆಬ್‌ಸೈಟಿಗೆ ಪಾಸ್‌ವರ್ಡ್ ಊಹಿಸಿ ನುಗ್ಗುವುದು, ಸರ್ವರ್ ಕೆದಕುವುದು ಬೇಡ. ಅದು ಒಗಟು ಬಿಡಿಸುವುದಲ್ಲ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್. ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸರ್ಕಾರಿ ಕೆಲಸಕ್ಕೆ ಓದುತ್ತಿರುವವರಿಗೆ ನಾನು ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಈಗ ಏನು ಮಾಡಬೇಕು? ಉತ್ತರ ಒಂದು ಆಜ್ಞೆಯ ಥರ ಇದೆ, ಹಾಗಾಗಿ ಅದನ್ನು ಪಾಲಿಸಿ ನೋಡಿ. ಪೋರ್ಟಲ್‌ನವರು ಎರಡೇ ದಿನಕ್ಕೆ ಗೇಮ್ ಬದಲಾಯಿಸಿದ್ದು ನೆನಪಿದೆಯಲ್ಲ, ಇವರೂ ಟೀಸರ್ ಇರುವ ಪುಟವನ್ನೋ, ಅದರ ವಿವರಣೆಯ ಸಾಲನ್ನೋ, ಮೇಲಿನ ಚಿತ್ರವನ್ನೋ ಬದಲಾಯಿಸುತ್ತಿರಬಹುದು. ನಿಮ್ಮ ಹತ್ತಿರ ಹೋದ ತಿಂಗಳ ಪುಟ ಉಳಿಸಿಟ್ಟಿದ್ದೀರಾ? ಇಲ್ಲದಿದ್ದರೆ ಇವತ್ತಿನಿಂದ ಶುರು ಮಾಡಿ, ರಾತ್ರಿ ಹನ್ನೆರಡಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಪುಟವನ್ನು ಪೂರ್ತಿ ಉಳಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಐದು ಜನ ಇದ್ದೀರಿ, ಪಾಳಿ ಹಾಕಿಕೊಳ್ಳಿ, ಎಲ್ಲರೂ ನಿದ್ದೆಗೆಡಬೇಡಿ. ಒಂದು ವಾರ ನೋಡಿ ಏನೂ ಬದಲಾಗದಿದ್ದರೆ ಅದು ಬರೀ ಮೂಡ್ ಹುಟ್ಟಿಸಲು ಹಾಕಿದ ಸಾಲು ಅಂತ ಬಿಟ್ಟುಬಿಡಿ, ನನ್ನ ಅಂದಾಜು ಕೂಡ ಸ್ವಲ್ಪ ಆ ಕಡೆಗೇ ವಾಲುತ್ತದೆ. ಬದಲಾಗಿದ್ದರೆ ಹೊಸ ಸಂಖ್ಯೆಗಳನ್ನು ನನಗೆ ಬರೆದು ಕಳಿಸಿ. ಸ್ಕ್ರೀನ್‌ಶಾಟ್ ಬೇಡ, ಲಿಂಕ್ ಕಳಿಸಿ.